ಅಪ್‌ಡೇಟ್: 1990ರ ಮಜ್ದಾ ಎಂಎಕ್ಸ್-5ರ ಮಿಸ್‌ಫೈರ್‌ಗೆ ಕಾರಣ ಸಿಕ್ಕಿತು

ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ನನ್ನ ಕಾರಿನ 1.6 ಲೀಟರ್ ಎಂಜಿನ್ ಮುಗ್ಗರಿಸುತ್ತದೆ (ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು), ಐಡ್ಲಿಂಗ್‌ನಲ್ಲಿ ಮಾತ್ರ ಸರಿಯಾಗಿರುತ್ತದೆ, ಏಕೆ ಎಂದು ಹಿಂದೆ ಕೇಳಿದ್ದೆ. ಬಹುತೇಕರು ಕಾಯಿಲ್ ಪ್ಯಾಕ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಬದಲಿಸಲು ಸೂಚಿಸಿದ್ದರು.

ಆ ದುಬಾರಿ ಭಾಗವನ್ನು ಕೊಳ್ಳುವ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದಾಗ, 3ನೇ ಸಿಲಿಂಡರಿನದು ಮಾತ್ರ ಕಪ್ಪಾಗಿ ಒದ್ದೆಯಾಗಿತ್ತು. ಈ ಎಂಜಿನ್ನಿನಲ್ಲಿ ಒಂದು ಕಾಯಿಲ್ 1 ಮತ್ತು 4ಕ್ಕೂ, ಇನ್ನೊಂದು 2 ಮತ್ತು 3ಕ್ಕೂ ಒಟ್ಟಿಗೆ ಕಿಡಿ ಕೊಡುವುದರಿಂದ, ಕಾಯಿಲೇ ಸೋತಿದ್ದರೆ 2ನೆಯದರಲ್ಲೂ ಅದರ ಗುರುತು ಕಾಣಬೇಕಿತ್ತು. ಕಾಯಿಲಿನಿಂದ ಪ್ಲಗ್‌ಗಳಿಗೆ ಹೋಗುವ ವೈರುಗಳ ರೋಧ ಓಮ್ ಮೀಟರಿನಲ್ಲಿ ಸರಿಯಾಗಿಯೇ ಬಂತು. ಆದರೆ ಆ ಮೀಟರ್ ಅಳೆಯುವುದು ಒಳಗಿನ ವಾಹಕವನ್ನೇ ಹೊರತು ಹೊರಗಿನ ರಬ್ಬರು ವಿದ್ಯುತ್ತನ್ನು ತಡೆಯುವ ಶಕ್ತಿಯನ್ನಲ್ಲ. ಎಣ್ಣೆಯಲ್ಲಿ ನೆನೆದು ಮೆತ್ತಗಾಗಿದ್ದ 3ನೇ ವೈರಿನ ಬೂಟಿನಲ್ಲಿ (ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಟೋಪಿ) ಸೂಜಿಮೊನೆಯಷ್ಟು ಸುಟ್ಟ ತೂತು, ಪ್ಲಗ್ಗಿನ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟಿನಂಥ ಕಪ್ಪು ಜಾಡು ಕಂಡಿತು. ಎಂಜಿನ್ನಿನ ಮೇಲ್ಮುಚ್ಚಳದ ಸೀಲ್, ಅಂದರೆ ಕ್ಯಾಮ್ ಕವರ್ ಗ್ಯಾಸ್ಕೆಟ್ ಸೋರಿ, ಎಣ್ಣೆ ಪ್ಲಗ್ಗಿನ ಗುಂಡಿಗೆ ಇಳಿದಿತ್ತು. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನೊಳಗಿನ ಒತ್ತಡ ಏರಿ, ಪ್ಲಗ್ಗಿನ ಅಂತರವನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆಗ ಕಿಡಿಗೆ ಆ ತೂತಿನ ಮೂಲಕ ಸಿಲಿಂಡರ್ ಹೆಡ್ಡಿನ ಲೋಹಕ್ಕೆ ಹಾರುವುದೇ ಸುಲಭವಾಗುತ್ತಿತ್ತು.

ಗ್ಯಾಸ್ಕೆಟ್, ನಾಲ್ಕೂ ವೈರು, ನಾಲ್ಕೂ ಪ್ಲಗ್ ಬದಲಿಸಿದ ಮೇಲೆ ಮಿಸ್‌ಫೈರ್ ನಿಂತಿದೆ. ವೈರನ್ನಷ್ಟೇ ಬದಲಿಸಿ ಹಳೆಯ ಪ್ಲಗ್ ಉಳಿಸಿಕೊಂಡರೆ, ಆ ಕಾರ್ಬನ್ ಜಾಡು ಹೊಸ ಬೂಟನ್ನೂ ಹಾಳುಮಾಡಬಹುದು. ಕಾಯಿಲ್ ಪ್ಯಾಕ್ ಹಳೆಯದೇ ಇದೆ. ಅದು ಎಂಜಿನ್ನಿನ ಹಿಂಬದಿಯಲ್ಲಿ, ಕೈ ತೂರುವುದೇ ಕಷ್ಟವಾದ ಜಾಗದಲ್ಲಿರುವುದರಿಂದ, ಬಿಚ್ಚುವ ಪ್ರಮೇಯ ತಪ್ಪಿದ್ದು ನನಗಂತೂ ದೊಡ್ಡ ನೆಮ್ಮದಿ.