ಹೋಲುವ ಸಿಟಿ ಸ್ಕ್ಯಾನ್ ಕೇಳಿದ್ರೆ ಕಾಯಿಲೆ ಬಿಟ್ಟು ಮಷಿನ್ ಹೊಂದಿಸ್ತಿದೆ, ಯಾಕೆ?

ಬಯಲುಸೀಮೆ_ಕೋಡರ್:
ಎಲ್‌ಐಡಿಸಿ-ಐಡಿಆರ್‌ಐ (ಎದೆಯ ಸಿಟಿ ಸ್ಕ್ಯಾನ್‌ಗಳ ಸಾರ್ವಜನಿಕ ಸಂಗ್ರಹ) ಡೇಟಾ ಇಟ್ಕೊಂಡು ಶ್ವಾಸಕೋಶದ ಗಂಟುಗಳಿಗೆ ಒಂದು ಹುಡುಕಾಟ ಕಟ್ತಿದ್ದೀನಿ. ಸ್ಲೈಸ್ (ಸ್ಕ್ಯಾನ್‌ನ ಒಂದು ಅಡ್ಡಸೀಳು ಚಿತ್ರ) ಕೊಟ್ರೆ ಅದನ್ನು ಹೋಲುವ ಹಳೇ ಕೇಸುಗಳು ಬರಬೇಕು. ಇಮೇಜ್‌ನೆಟ್‌ನ ಸಾಮಾನ್ಯ ಫೋಟೋಗಳ ಮೇಲೆ ಪಳಗಿದ ರೆಸ್‌ನೆಟ್-50 ಅನ್ನೋ ಚಿತ್ರ ಗುರುತಿಸುವ ಮಾಡೆಲ್, ಕೊನೇ ಪದರ ತೆಗೆದು 2048 ಅಂಕಿಗಳ ವೆಕ್ಟರ್, ಫೈಸ್ ಅನ್ನೋ ಹುಡುಕಾಟದ ಲೈಬ್ರರಿಯಲ್ಲಿ ಕೊಸೈನ್ ಹೋಲಿಕೆ. ಎರರ್ ಏನೂ ಇಲ್ಲ. ಆದ್ರೆ ಮುಳ್ಳುಮುಳ್ಳು ಅಂಚಿನ ಗಂಟು ಕೊಟ್ರೆ ಮೇಲೆ ಬರೋದು ಗಂಟೇ ಇಲ್ಲದ ಸ್ಲೈಸುಗಳು. ಎಲ್ಲಾ ಅದೇ ಕಂಪನಿ ಸ್ಕ್ಯಾನರ್, ಅದೇ ದಪ್ಪದ ಸ್ಲೈಸ್. ರೆಸ್‌ನೆಟ್-101 ಹಾಕಿದ್ರೂ ಅದೇ ಕಥೆ. ಜಿಪಿಯು ಬಾಡಿಗೆಗೆ ತಗೊಂಡು ಇನ್ನೂ ದೊಡ್ಡ ಮಾಡೆಲ್‌ಗೆ ಹೋಗ್ಲಾ?

ತುಂಗಾತೀರ:
ದುಡ್ಡು ಉಳಿಸಿ. ಮೊದಲು ಲೆಕ್ಕ ಹಾಕಿ. 8 ಮಿ.ಮೀ. ಗಂಟು, ಒಂದು ಪಿಕ್ಸೆಲ್ ಸುಮಾರು 0.7 ಮಿ.ಮೀ. ಅಂದ್ರೆ 512ರ ಚಿತ್ರದಲ್ಲಿ ಅದು 11 ಪಿಕ್ಸೆಲ್ ಅಗಲ. ರೆಸ್‌ನೆಟ್‌ಗೆ ಕೊಡೋಕೆ 224ಕ್ಕೆ ಇಳಿಸಿದಾಗ ಉಳಿಯೋದು 5. ರೆಸ್‌ನೆಟ್ ಕೊನೆಗೆ 7×7 ಚೌಕ ಮಾಡಿ 49ನ್ನೂ ಸರಾಸರಿಗೆ ಹಾಕುತ್ತೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಆ ಸರಾಸರಿಯಲ್ಲಿ ಎದ್ದು ಕಾಣೋದು ಎದೆಗೂಡು, ರೋಗಿ ಮಲಗಿದ ಮೇಜು, ಶಾರ್ಪ್ ಕರ್ನೆಲ್ (ಸ್ಕ್ಯಾನರ್ ಚಿತ್ರ ಕಟ್ಟುವಾಗ ಹಾಕುವ ಫಿಲ್ಟರ್) ಬಿಟ್ಟ ಕಾಳುಕಾಳು ನಾಯ್ಸ್. ಮಷಿನ್ ಹೊಂದದೆ ಇನ್ನೇನು ಹೊಂದುತ್ತೆ?

ಫೈಲ್ ಹೆಡರ್‌ನಲ್ಲಿರುವ ರೀಸ್ಕೇಲ್ ಸ್ಲೋಪ್, ಇಂಟರ್‌ಸೆಪ್ಟ್ ಬಳಸಿ ಪಿಕ್ಸೆಲ್‌ಗಳನ್ನು ಹೌನ್ಸ್‌ಫೀಲ್ಡ್ (ಸಿಟಿಯ ಸಾಂದ್ರತೆಯ ಅಳತೆ) ಮೌಲ್ಯಕ್ಕೆ ತನ್ನಿ: ನೀರು 0, ಗಾಳಿ ಮೈನಸ್ 1000. ಕೆಲವು ಸ್ಕ್ಯಾನರ್‌ಗಳು ಚಿತ್ರದ ವೃತ್ತದ ಹೊರಗಿನ ಮೂಲೆಗಳಲ್ಲಿ ಮೈನಸ್ 2000 ತುಂಬಿರುತ್ತವೆ, ಅದೂ ಮಷಿನ್‌ನ ಸಹಿಯೇ. ಮೈನಸ್ 1000ದಿಂದ 400ರೊಳಗೆ ಕತ್ತರಿಸಿದ್ರೆ ಅಳಿಸಿಹೋಗುತ್ತೆ. ಆಮೇಲೆ ಮೂರೂ ದಿಕ್ಕಿಗೆ 1 ಮಿ.ಮೀ. ಅಂತರಕ್ಕೆ ರೀಸ್ಯಾಂಪಲ್ ಮಾಡಿ, ಗಂಟಿನ ಸುತ್ತ 50 ಮಿ.ಮೀ. ತುಂಡನ್ನು ಮಾತ್ರ ಕೊಡಿ.

ಹಾಂ, ನಿಮ್ಮ ಡೇಟಾದಲ್ಲಿ ಸ್ಕ್ಯಾನ್ 1018, ರೋಗಿಗಳು 1010. ಹುಡುಕುವಾಗ ರೋಗಿಯ ಐಡಿ ನೋಡಿ ಹೊರಗಿಡಿ, ಸ್ಕ್ಯಾನ್ ಐಡಿ ಸಾಲದು. ಇಲ್ಲಾಂದ್ರೆ ಅದೇ ಮನುಷ್ಯನ ಇನ್ನೊಂದು ಸ್ಕ್ಯಾನ್ ಬಂದು ಸ್ಕೋರ್ ಸುಮ್ಮನೆ ಏರುತ್ತೆ.

ಬಯಲುಸೀಮೆ_ಕೋಡರ್:
ತುಂಡು ಕೊಟ್ಟ ಮೇಲೆ ಗಂಟಿಗೆ ಗಂಟೇ ಬರ್ತಿದೆ ಸರ್, ಥ್ಯಾಂಕ್ಸ್. ಆದ್ರೆ ಗಾತ್ರ ಹೊಂದುತ್ತೆ, ಅಂಚು ಹೊಂದಲ್ಲ. ಕರ್ನೆಲ್ ವಾಸನೆಯೂ ಪೂರ್ತಿ ಹೋಗಿಲ್ಲ.

ತುಂಗಾತೀರ:
ವಾಸನೆ ಎಷ್ಟಿದೆ ಅಂತ ಅಳೀರಿ. ಅದೇ ವೆಕ್ಟರ್‌ಗಳ ಮೇಲೆ ಲಾಜಿಸ್ಟಿಕ್ ರಿಗ್ರೆಶನ್ (ಸರಳ ವರ್ಗೀಕರಣ ವಿಧಾನ) ಓಡಿಸಿ ಸ್ಕ್ಯಾನರ್ ಕಂಪನಿ ಊಹಿಸೋಕೆ ಬಿಡಿ. ಸಲೀಸಾಗಿ ಊಹಿಸಿದ್ರೆ ಟ್ರಿಪ್ಲೆಟ್ ಲಾಸ್‌ನಲ್ಲಿ (ಹೋಲುವ ಜೋಡಿ ಹತ್ತಿರ, ಹೋಲದ್ದು ದೂರ ಅಂತ ಕಲಿಸುವ ವಿಧಾನ) ಪಳಗಿಸಿ: ಒಂದೇ ಥರ ಅಂಚಿನ ಜೋಡಿಯನ್ನು ಬೇರೆ ಬೇರೆ ಕಂಪನಿಯಿಂದ ಆರಿಸಿ, ಹೋಲದ್ದನ್ನು ಅದೇ ಕಂಪನಿಯಿಂದ. ಆಗ ಮಷಿನ್ ಗುರುತು ಹಿಡಿದ್ರೆ ಮಾಡೆಲ್‌ಗೆ ನಷ್ಟ. ಅಂಚಿನ ಲೇಬಲ್ ಡೇಟಾದಲ್ಲೇ ಇದೆ, 3 ಮಿ.ಮೀ. ಮತ್ತು ಮೇಲ್ಪಟ್ಟ ಗಂಟುಗಳಿಗೆ ರೇಡಿಯಾಲಜಿಸ್ಟರು ಕೊಟ್ಟ 1ರಿಂದ 5ರ ಅಂಕ.

ಫಿಲ್ಮ್‌ರೂಮ್_ಪಿಜಿ:
ರೇಡಿಯಾಲಜಿ ಕಡೆಯಿಂದ ಒಂದು ಮಾತು. ಅದೇ ಪಟ್ಟಿಯಲ್ಲಿರುವ ಕ್ಯಾನ್ಸರ್ ಅಂಕವನ್ನು ಬಯಾಪ್ಸಿ ರಿಪೋರ್ಟ್ ಅಂದ್ಕೋಬೇಡಿ, ಅದು ಚಿತ್ರ ನೋಡಿದವರ ಅಂದಾಜು. ಡೇಟಾ ಅಮೆರಿಕದ್ದು ಬೇರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಮುಳ್ಳಂಚಿನ ಗಂಟು ಟಿಬಿಯ ಗಂಟೂ ಆಗಿರಬಹುದು. ನಿಮ್ಮ ಇಂಡೆಕ್ಸ್‌ನಲ್ಲಿ ಟಿಬಿ ಕೇಸೇ ಇಲ್ಲದಿದ್ರೆ ಎಷ್ಟು ಚೆನ್ನಾಗಿ ಹುಡುಕಿದ್ರೂ ಟಿಬಿ ಬರಲ್ಲ.

ಈ ಕೆಲಸ ದಂಡ ಅಂತಲ್ಲ. 2022ರಲ್ಲಿ ದಕ್ಷಿಣ ಕೊರಿಯಾದವರು ರೇಡಿಯಾಲಜಿ ಜರ್ನಲ್‌ನಲ್ಲಿ ತೋರಿಸಿದ್ದಾರೆ: ಶ್ವಾಸಕೋಶ ಗಟ್ಟಿಯಾಗುವ ಐಎಲ್‌ಡಿ (ಇಂಟರ್‌ಸ್ಟಿಶಿಯಲ್ ಲಂಗ್ ಡಿಸೀಸ್) ಕಾಯಿಲೆಗಳಲ್ಲಿ ಹೋಲುವ ಸಿಟಿಗಳನ್ನು ಪಕ್ಕದಲ್ಲಿಟ್ಟಾಗ ಸ್ಕ್ಯಾನ್ ಓದುವ ವೈದ್ಯರ ನಿಖರತೆ ಶೇ. 46.1ರಿಂದ 60.9ಕ್ಕೆ ಏರಿತು. ಆದ್ರೆ ಅವರ ಹೋಲಿಕೆ ಶ್ವಾಸಕೋಶದಲ್ಲಿ ಜೇನುಗೂಡಿನಂಥ ರಂಧ್ರ, ಗ್ರೌಂಡ್ ಗ್ಲಾಸ್ (ಮಂಜಿನಂಥ ಮಬ್ಬು) ಎಷ್ಟು ಮತ್ತು ಎಲ್ಲಿ ಹರಡಿದೆ ಅನ್ನೋದರ ಮೇಲೆ ನಿಂತಿತ್ತು. ನಾವು ನೋಡೋದೂ ಅದನ್ನೇ.

ಬಯಲುಸೀಮೆ_ಕೋಡರ್:
ಟಿಬಿ ಸಿಟಿಗಳನ್ನು ನಮ್ಮ ಕಡೆಯೇ ಕೂಡಿಸೋಕೆ ಆಗುತ್ತಾ ಡಾಕ್ಟ್ರೇ?

ಫಿಲ್ಮ್‌ರೂಮ್_ಪಿಜಿ:
ಆಗುತ್ತೆ, ಮೆಡಿಕಲ್ ಕಾಲೇಜೊಂದರ ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು. ಕಫ ಪರೀಕ್ಷೆ ಅಥವಾ ಬಯಾಪ್ಸಿಯಲ್ಲಿ ಖಚಿತವಾದವನ್ನೇ ಕೇಳಿ. ಡೈಕಾಮ್ (ಸ್ಕ್ಯಾನ್ ಫೈಲ್‌ನ ಮಾದರಿ) ಹೆಡರ್‌ನಿಂದ ಹೆಸರು, ಹುಟ್ಟಿದ ದಿನ ಅಳಿಸುವಾಗ ಕಂಪನಿ, ಕರ್ನೆಲ್, ಸ್ಲೈಸ್ ದಪ್ಪದ ಟ್ಯಾಗ್‌ಗಳನ್ನೂ ಗುಡಿಸಿ ಹಾಕಬೇಡಿ. ತುಂಗಾತೀರ ಹೇಳಿದ ಪರೀಕ್ಷೆಗೆ ಅವು ಬೇಕು.