ಸಹಾಯ ಬೇಕು: ಮೂತ್ರದ ಪೈಪ್ ಬದಲಿಸಲು ನರ್ಸ್ ಮನೆಗೇ ಬರುತ್ತಾರಾ?

ಅಪ್ಪನಿಗೆ 74 ವರ್ಷ. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ನಮ್ಮದು ಮಲೆನಾಡಿನ ಒಳಹಳ್ಳಿ. ತಿಂಗಳಿಗೊಮ್ಮೆ ಮೂತ್ರದ ಪೈಪ್ ಬದಲಿಸಲು ನಾಲ್ಕು ಜನ ಕಂಬಳಿಯಲ್ಲಿ ಎತ್ತಿ, ಓಮ್ನಿಯಲ್ಲಿ ಮಲಗಿಸಿ ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತೇವೆ. ಹೋದ ಸಲ ಗುಂಡಿ ರಸ್ತೆಯಲ್ಲಿ ಕುಲುಕಿ ಬೆನ್ನಿನ ಹುಣ್ಣು ಒಡೆದು ಬನಿಯನ್ ಪೂರ್ತಿ ಒದ್ದೆಯಾಗಿತ್ತು. ಅಪ್ಪ ಮಾತಾಡಲಿಲ್ಲ, ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

ಸರ್ಕಾರದ ಗೃಹ ಆರೋಗ್ಯ ಯೋಜನೆಯವರು ಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಪೈಪ್ ಹಾಕುವುದು ಆಶಾ ಅಕ್ಕನ ಕೆಲಸ ಅಲ್ಲ, ಅಲ್ವಾ? ಪಿಎಚ್‌ಸಿಯವರು ತಾಲ್ಲೂಕಿಗೆ ಹೋಗಿ ಅಂತಾರೆ, ತಾಲ್ಲೂಕಿನವರು ಪಿಎಚ್‌ಸಿಯಲ್ಲೇ ಕೇಳಿ ಅಂತಾರೆ. ಆಯುಷ್ಮಾನ್ ಕಾರ್ಡ್ ನಡೆಯುವುದು ಆಸ್ಪತ್ರೆಗೆ ಸೇರಿದರೆ ಮಾತ್ರ.

ಮನೆಗೇ ಬಂದು ಪೈಪ್ ಬದಲಿಸಿ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವ ಸರ್ಕಾರಿ ನರ್ಸ್ ಯಾರಿಗಾದರೂ ಸಿಕ್ಕಿದ್ದಾರಾ? ಅರ್ಜಿ ಯಾರಿಗೆ ಕೊಟ್ಟಿರಿ, ತಾಲ್ಲೂಕು ಆರೋಗ್ಯಾಧಿಕಾರಿಗಾ, ಜಿಲ್ಲಾಸ್ಪತ್ರೆಗಾ?