ನೋಡಿ ಬಂದ ಜಾಗಗಳನ್ನು ನೆನಪಿನಿಂದ ವಾಟರ್‌ಕಲರ್‌ನಲ್ಲಿ ಬಿಡಿಸುವವರು ಹೇಗೆ ಮಾಡುತ್ತೀರಿ?

ಪ್ರಶ್ನೆ:
ಹೋಗಿ ಬಂದ ಊರುಗಳನ್ನು ವಾಟರ್‌ಕಲರ್‌ನಲ್ಲಿ ಬಿಡಿಸಬೇಕು ಅಂತ ತುಂಬಾ ಆಸೆ. ಫೋನಿನಲ್ಲಿ ಫೋಟೋಗಳಿಗೇನೂ ಕಮ್ಮಿ ಇಲ್ಲ. ಆದರೆ ಫೋಟೋ ನೋಡಿಕೊಂಡು ಬಿಡಿಸಿದರೆ ಅದು ಫೋಟೋ ಥರಾನೇ ಬರುತ್ತದೆ. ಅಲ್ಲಿ ನಿಂತಾಗ ಅನಿಸಿದ್ದು ಚಿತ್ರದಲ್ಲಿ ಇರುವುದಿಲ್ಲ. ಫೋಟೋ ಮುಚ್ಚಿಟ್ಟರೆ ಕೈಯೇ ಓಡುವುದಿಲ್ಲ. ನಿಮ್ಮ ಅನುಭವ ಹೇಳಿ.

ಮೊದಲ ಉತ್ತರ:
ಫೋಟೋ ಬಿಡಬೇಕಾಗಿಲ್ಲ. ಅದನ್ನು ನೋಡುವ ಹೊತ್ತು ಬದಲಾಯಿಸಿ, ಸಾಕು. ನಾನು ಮೊದಲು ಅಂಗೈಯಷ್ಟು ಜಾಗದಲ್ಲಿ ಪೆನ್ಸಿಲ್‌ನಿಂದ ನೆನಪಿದ್ದಷ್ಟನ್ನೇ ಗೀಚುತ್ತೇನೆ. ನೆನಪಿಗೆ ಬಾರದ ಕಡೆ ಖಾಲಿ ಬಿಡುತ್ತೇನೆ. ಆಮೇಲೆ ಫೋಟೋ ತೆರೆಯುತ್ತೇನೆ. ಆಗ ಒಂದು ವಿಷಯ ಎದ್ದು ಕಾಣುತ್ತದೆ: ನೆನಪಿನ ಬೆಟ್ಟ ದೊಡ್ಡದು, ಫೋಟೋದ ಬೆಟ್ಟ ಚಿಕ್ಕದು. ಫೋನಿನ ಲೆನ್ಸ್ ಅಗಲವಾದ ನೋಟ ಹಿಡಿಯುತ್ತದೆ, ಹಾಗಾಗಿ ದೂರದ್ದೆಲ್ಲ ಕುಗ್ಗಿಹೋಗುತ್ತದೆ. ನಾವು ಮಾತ್ರ ಅಲ್ಲಿ ನಿಂತು ಬೆಟ್ಟವನ್ನೇ ನೋಡಿರುತ್ತೇವೆ, ಅಲ್ವಾ? ನನ್ನ ಚಿತ್ರದಲ್ಲಿ ನೆನಪಿನ ಅಳತೆಯೇ ಉಳಿಯುತ್ತದೆ. ಮಾಡಿನ ಇಳಿಜಾರು, ದೋಣಿಯ ಆಕಾರ, ಕಿಟಕಿಗಳ ಸಾಲು, ಇಂಥವಕ್ಕೆ ಮಾತ್ರ ಫೋಟೋ ಕೇಳುತ್ತೇನೆ. ನೆರಳಿನ ಬಣ್ಣಕ್ಕೆ ಅದನ್ನು ಕೇಳಲೇಬೇಡಿ. ಬಿಸಿಲು ಜೋರಾಗಿದ್ದಾಗ ಕ್ಯಾಮೆರಾ ನೆರಳನ್ನು ಕಪ್ಪು ಮಾಡಿಬಿಡುತ್ತದೆ. ಕಣ್ಣಿಗೆ ಅದರೊಳಗೆ ನೀಲಿ, ನೇರಳೆ, ಕೆಲವು ಸಲ ಹಸಿರೂ ಕಂಡಿರುತ್ತದೆ.

ಇನ್ನೊಂದು ಮಾತು. ಜಾಗದಲ್ಲೇ ಕೂತು ಬಣ್ಣ ಹಚ್ಚಲಿಲ್ಲವಲ್ಲ ಅಂತ ಕೊರಗಬೇಡಿ. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್ 1819ರಲ್ಲಿ ಇಟಲಿಗೆ ಹೋದಾಗ ಹೆಚ್ಚಾಗಿ ಪೆನ್ಸಿಲ್‌ನಿಂದಲೇ ಸ್ಕೆಚ್‌ಬುಕ್ ತುಂಬಿಸಿದರು. ಹೊರಗೆ ಒಂದು ಬಣ್ಣದ ಚಿತ್ರ ಮಾಡುವ ಹೊತ್ತಿಗೆ 15–16 ಪೆನ್ಸಿಲ್ ಸ್ಕೆಚ್ ಮುಗಿಯುತ್ತವೆ ಎನ್ನುವುದು ಅವರ ಲೆಕ್ಕವಾಗಿತ್ತು. ಬಣ್ಣದ ಬಹುಪಾಲು ಕೆಲಸ ಆಮೇಲೆ, ಒಳಗೆ ಕೂತು. ವಾಟರ್‌ಕಲರ್‌ನಲ್ಲಿ ಅಂಥ ಬೆಳಕು ತಂದವರೇ ಹಾಗೆ ಮಾಡಿದ್ದಾರೆ.

ಎರಡನೆಯವರು:
ನನಗೆ ಕೆಲಸಕ್ಕೆ ಬಂದದ್ದು ಅಮೆರಿಕ ಮೂಲದ ಚಿತ್ರಕಾರ ವಿಸ್ಲರ್ ಅವರ ಅಭ್ಯಾಸ. 1870ರ ದಶಕದಲ್ಲಿ ಅವರು ಲಂಡನ್ನಿನ ಥೇಮ್ಸ್ ನದಿಯ ರಾತ್ರಿ ನೋಟಗಳನ್ನು ಬಿಡಿಸುತ್ತಿದ್ದರು. ಕತ್ತಲಲ್ಲಿ ಬಣ್ಣ ಹಚ್ಚುವುದು ಆಗದ ಮಾತು. ಅದಕ್ಕೇ ನೋಟವನ್ನು ಚೆನ್ನಾಗಿ ನೋಡಿ, ಬೆನ್ನು ತಿರುಗಿಸಿ, ಕಂಡದ್ದನ್ನು ಜೊತೆಗಿದ್ದವರಿಗೆ ಬಾಯಲ್ಲಿ ಹೇಳುತ್ತಿದ್ದರು. ತಪ್ಪಿದ್ದರೆ ಮತ್ತೆ ನೋಡುವುದು, ಮತ್ತೆ ಹೇಳುವುದು. ಚಿತ್ರ ಮಾರನೇ ದಿನ. ಅವು ತೈಲಚಿತ್ರಗಳು, ಆದರೆ ಅಭ್ಯಾಸ ನಮಗೂ ಹೊಂದುತ್ತದೆ.

ನಾನು ಕೇಳಿಕೊಳ್ಳುವುದು ಇಷ್ಟೇ: ಬೆಳಕು ಯಾವ ಕಡೆಯಿಂದ? ಎಲ್ಲಕ್ಕಿಂತ ಕಪ್ಪು ಎಲ್ಲಿದೆ, ಬಿಳುಪು ಎಲ್ಲಿದೆ? ಆಕಾಶ ನೆಲಕ್ಕಿಂತ ತಿಳಿಯೋ, ಗಾಢವೋ? ಇದನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಅರ್ಧ ಜಾರಿಹೋಗುತ್ತದೆ. ಆಮೇಲೆ ಎರಡು ಸಾಲು ಬರೆದಿಡಿ. ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್ 1821–22ರಲ್ಲಿ ಮೋಡಗಳನ್ನು ಬಿಡಿಸುವಾಗ ಎಷ್ಟೋ ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು ಎಲ್ಲ ಬರೆದಿಟ್ಟಿದ್ದಾರೆ. ಅಂಥ ಒಂದು ಸಾಲು ಓದಿದರೆ ಇಡೀ ಮಧ್ಯಾಹ್ನ ವಾಪಸ್ ಬರುತ್ತದೆ.

ಮೂರನೆಯವರು:
ಇವರೆಲ್ಲ ಹೇಳಿದ್ದು ಫೋಟೋ ಇರುವ, ಇಲ್ಲವೇ ಇನ್ನು ಮುಂದೆ ಹೋಗುವ ಜಾಗಗಳಿಗೆ ಸರಿ. ಫೋಟೋನೂ ಇಲ್ಲದ, ಹಳೇ ಜಾಗಗಳಿಗೆ ನಾನು ನೋಟದಿಂದ ಶುರು ಮಾಡುವುದೇ ಇಲ್ಲ. ಮೊದಲು ನೆಲದ ನಕ್ಷೆ ಹಾಕುತ್ತೇನೆ. ಬಾಗಿಲು ಎಲ್ಲಿತ್ತು, ಮೆಟ್ಟಿಲು ಎಷ್ಟು, ತಿರುಗಿದರೆ ಏನು ಎದುರಾಗುತ್ತಿತ್ತು ಅಂತ ಬೆರಳಿಟ್ಟು ನಡೆಯುತ್ತೇನೆ. ಕಣ್ಣು ಮರೆತದ್ದು ಕಾಲಿಗೆ ನೆನಪಿರುತ್ತದೆ. ಈಗ ಇಲ್ಲದ ನಮ್ಮ ಹಳೇ ಮನೆಯ ಪಡಸಾಲೆ ನನಗೆ ಸಿಕ್ಕಿದ್ದು ಹೀಗೇ. ಆ ಕಿಟಕಿ ಅಷ್ಟು ದೊಡ್ಡದಿರಲಿಲ್ಲ ಅಂತ ನನ್ನ ತಮ್ಮ ಈಗಲೂ ವಾದ ಮಾಡುತ್ತಾನೆ. ನಾನು ತಿದ್ದಿಲ್ಲ. ಅಲ್ಲಿಂದ ಬರುತ್ತಿದ್ದ ಬೆಳಕು ನನ್ನ ಪಾಲಿಗೆ ಅಷ್ಟು ದೊಡ್ಡದಿತ್ತು.

ಕೇಳಿದವರು:
ತುಂಬಾ ಥ್ಯಾಂಕ್ಸ್! ನಕ್ಷೆಯ ಉಪಾಯ ಇವತ್ತೇ ಮಾಡಿ ನೋಡುತ್ತೇನೆ. ಇನ್ನೊಂದು ತೊಂದರೆ: ಮನಸ್ಸಿನಲ್ಲಿರುವ ಬಣ್ಣ ಹಾಳೆಯ ಮೇಲೆ ಒಣಗುವ ಹೊತ್ತಿಗೆ ಮಂಕಾಗಿರುತ್ತದೆ. ಯಾಕೆ?

ನಾಲ್ಕನೆಯವರು:
ವಾಟರ್‌ಕಲರ್ ಒಣಗಿದರೆ ತಿಳಿಯಾಗುವುದೇ. ಒದ್ದೆಯಿದ್ದಾಗ ಸ್ವಲ್ಪ ಜಾಸ್ತಿ ಆಯಿತೇನೋ ಅನಿಸುವಷ್ಟು ಗಾಢವಾಗಿ ಕಲಸಿ. ಅದೇ ಹಾಳೆಯ ಚೂರಿನ ಮೇಲೆ ಹಚ್ಚಿ, ಒಣಗಿದ ಮೇಲೆ ನೋಡಿ. ಒಂದು ಚಿತ್ರಕ್ಕೆ ಮೂರು ಬಣ್ಣ ಸಾಕು, ನಾಲ್ಕು ಹೆಚ್ಚೆಂದರೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ. ನೀಲಿ ಮುಂದಾದರೆ ಮಳೆಯ ಮೋಡ, ಕಂದು ಮುಂದಾದರೆ ಬಿಸಿಲು ಬಿದ್ದ ಕಲ್ಲು. ಒರಟು ಹಾಳೆಯ ಕುಳಿಗಳಲ್ಲಿ ಅಲ್ಟ್ರಾಮರೀನ್ ಕಾಳುಕಾಳಾಗಿ ಕೂರುತ್ತದೆ. ಹಳೇ ಗೋಡೆ, ಮಂಜು ಬಿಡಿಸುವವರಿಗೆ ಅದು ವರ.

ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಇರಲಿ, ಸಾಧ್ಯವಾದರೆ ಕಾಟನ್‌ದೇ ತಗೊಳ್ಳಿ. ತೆಳು ಹಾಳೆ ನೀರಿಗೆ ಉಬ್ಬುತ್ತದೆ, ಬಣ್ಣ ಒಂದೇ ಕಡೆ ನಿಲ್ಲುತ್ತದೆ. ಒದ್ದೆಯ ಹೊಳಪು ಹೋಗುತ್ತಿರುವಾಗ ಮಾತ್ರ ನೀರಿನ ಬ್ರಷ್ ಮುಟ್ಟಿಸಬೇಡಿ, ಅಂಚು ಹೂಕೋಸಿನ ಹಾಗೆ ಒಡೆಯುತ್ತದೆ. ಪೂರ್ತಿ ಒಣಗುವವರೆಗೆ ಕಾಯಿರಿ.

ಟ್ಯೂಬ್ ಕೊಳ್ಳುವಾಗ ಪಿಗ್ಮೆಂಟ್ ನಂಬರ್, ಅಂದರೆ ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಸಂಕೇತ, ಓದಿ. ಹಳೇ ಅಲಿಝರಿನ್ ಕ್ರಿಮ್ಸನ್, ಅಂದರೆ ಪಿಆರ್83, ಬೆಳಕಿಗೆ ಮಾಸಿಹೋಗುವ ಕೆಂಪು. ಆ ಸಂಜೆಯ ಆಕಾಶ ಉಳಿಯಲಿ ಅಂತಲೇ ಬಿಡಿಸುತ್ತಿದ್ದೀರಿ. ಕೆಂಪಿಗೆ ಕ್ವಿನಾಕ್ರಿಡೋನ್ ಬಣ್ಣಗಳನ್ನು ನೋಡಿ, ಹೆಚ್ಚಿನವು ಚೆನ್ನಾಗಿ ಬಾಳುತ್ತವೆ. ಫ್ರೇಮ್ ಹಾಕಿದರೂ ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.